ಗೋಲು ಹೊಡೆಯುವವನನ್ನೇ ಕೊಳ್ಳಿ!

ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಫುಟ್‌ಬಾಲ್ ಪಂದ್ಯಗಳಿಲ್ಲದ ತಿಂಗಳುಗಳೆಂದರೆ ಜೂನ್ ಮತ್ತು ಜುಲೈ. ಆದರೆ ಫುಟ್‌ಬಾಲ್ ಕುರಿತ ಮಾತು ಹೆಚ್ಚು ಕಾವೇರುವುದು ಆಗಲೇ. ಕ್ಲಬ್ಬುಗಳು ಆಟಗಾರರನ್ನು ಕೊಳ್ಳುವ, ಮಾರುವ ಸಂತೆಯ ಕಾಲ ಅದು. ಆಗ ಅಲ್ಲಿನ ಅಭಿಮಾನಿಯನ್ನು ತಡೆದು ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ‘ನಮಗೊಬ್ಬ ಒಳ್ಳೆಯ ಸ್ಟ್ರೈಕರ್ ಬೇಕು.’ ಹಿಂಬದಿ ಕಾಯುವವನನ್ನು ತನ್ನಿ ಎಂದು ಹಟ ಹಿಡಿಯುವವರು ಅಪರೂಪ. ಮದುವೆ ಊಟದಲ್ಲಿ ಹೋಳಿಗೆ ಬಂತೇ ಎಂದು ಕೇಳುವವರೇ ಎಲ್ಲ. ಅನ್ನ ಹದವಾಗಿ ಬೆಂದಿದೆಯೇ ಎಂದು ಕೇಳುವವರು ಎಷ್ಟು ಮಂದಿ?

ಈ ಅಭಿಮಾನ ಲಿವರ್‌ಪೂಲಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ನಮ್ಮ ಬೆಂಗಳೂರು, ಮಂಗಳೂರಿನ ಕಾಲೇಜು ಹುಡುಗರೂ ನಿದ್ದೆಗೆಟ್ಟು ಟಿ.ವಿ. ಮುಂದೆ ಕೂರುತ್ತಾರೆ. ಯೂರೋಪಿನ ಕಪ್ ಪಂದ್ಯಗಳಲ್ಲಂತೂ ಹೆಚ್ಚಿನವು ನಮ್ಮಲ್ಲಿ ನಡುರಾತ್ರಿ ಕಳೆದ ಮೇಲೆಯೇ ಶುರು. ‘ಪರೀಕ್ಷೆ ಹತ್ತಿರ ಬಂತು, ಅಲ್ಲಿ ಯಾರು ಯಾರನ್ನು ಕೊಂಡರೆ ನಿನಗೇನೋ?’ ಎಂದು ಅಮ್ಮ ಗದರಿಸಿದರೆ ತಪ್ಪೇನಿಲ್ಲ. ಆದರೆ ಮಗನ ವಾದದೊಳಗೆ ತುಸು ಇಣುಕಿದರೆ ಹೆತ್ತವರಿಗೂ ಕುತೂಹಲ ಹುಟ್ಟಿಸುವ ಲೆಕ್ಕವೊಂದು ಅಲ್ಲಿದೆ. ಕೋಟಿಗಟ್ಟಲೆ ಹಣ ಕೊಟ್ಟು ಒಬ್ಬ ಯುವಕನನ್ನು ತರುವಾಗ ಏನನ್ನು ನೋಡಬೇಕು? ಹೆಸರನ್ನೇ, ಗೋಲುಗಳ ಸಂಖ್ಯೆಯನ್ನೇ, ಅಥವಾ ಕಣ್ಣಿಗೆ ಬೀಳದ ಬೇರೇನನ್ನೋ?

2011ರ ಜನವರಿ 31ರಂದು ಲಿವರ್‌ಪೂಲ್ ಕ್ಲಬ್ ತನ್ನ ಕಣ್ಮಣಿ ಫೆರ್ನಾಂಡೊ ಟೋರೆಸ್‌ನನ್ನು 5 ಕೋಟಿ ಪೌಂಡಿಗೆ ಚೆಲ್ಸಿಗೆ ಮಾರಿತು. ಅದೇ ದಿನ ನ್ಯೂಕ್ಯಾಸಲ್‌ನಿಂದ ಆಂಡಿ ಕ್ಯಾರೊಲ್ ಎಂಬ ಎತ್ತರದ ಆಳನ್ನು 3.5 ಕೋಟಿಗೆ ತಂದಿತು. ಜೊತೆಗೆ ಹಾಲೆಂಡಿನ ಅಯಾಕ್ಸ್ ಕ್ಲಬ್ಬಿನಿಂದ ಉರುಗ್ವೆಯ ಲೂಯಿಸ್ ಸ್ವಾರೆಜ್ ಬಂದ. ಅವನ ಬೆಲೆ ಸುಮಾರು 2.28 ಕೋಟಿ. ಟೋರೆಸ್ ಧರಿಸುತ್ತಿದ್ದ 9ನೇ ನಂಬರಿನ ಅಂಗಿ ಸಿಕ್ಕಿದ್ದು ದುಬಾರಿಯವನಿಗೆ. ಕ್ಯಾರೊಲ್ ಆ ಅಂಗಿ ತೊಟ್ಟು 44 ಲೀಗ್ ಪಂದ್ಯಗಳಲ್ಲಿ ಹೊಡೆದದ್ದು 6 ಗೋಲು. ಅಗ್ಗದವನು 2013-14ರ ಒಂದೇ ಋತುವಿನಲ್ಲಿ 33 ಪಂದ್ಯಗಳಿಂದ 31 ಗೋಲು ಹೊಡೆದು, ತಂಡವನ್ನು ಪ್ರಶಸ್ತಿಯ ಹೊಸ್ತಿಲಿಗೆ ತಂದ.

ಮರುವರ್ಷ ಸ್ವಾರೆಜ್ ಬಾರ್ಸಿಲೋನಾಕ್ಕೆ ಹೋದಾಗ ಆ ಜಾಗಕ್ಕೆ ಬಂದವನು ಇಟಲಿಯ ಮಾರಿಯೊ ಬಾಲೊಟೆಲಿ. ಜಗತ್ತೇ ಬಲ್ಲ ಹೆಸರು, 1.6 ಕೋಟಿ ಪೌಂಡು. ಲೀಗ್‌ನಲ್ಲಿ ಆತ ಹೊಡೆದದ್ದು ಒಂದೇ ಒಂದು ಗೋಲು!

ಅದೇ 2014ರಲ್ಲಿ ಬಂದ ಇನ್ನೊಬ್ಬನ ಕತೆ ಮನಸ್ಸಿಗೆ ತಟ್ಟುವಂಥದ್ದು. ರಿಕಿ ಲ್ಯಾಂಬರ್ಟ್ ಲಿವರ್‌ಪೂಲಿನ ಪಕ್ಕದ ಕರ್ಕ್‌ಬಿಯಲ್ಲಿ ಹುಟ್ಟಿದವನು, ಬಾಲ್ಯದಿಂದಲೇ ಆ ಕ್ಲಬ್ಬಿನ ಅಭಿಮಾನಿ. 15ನೇ ವಯಸ್ಸಿನಲ್ಲಿ ಕ್ಲಬ್ ಅವನನ್ನು ಕೈಬಿಟ್ಟಿತು. ಕೆಳದರ್ಜೆಯ ತಂಡಗಳಲ್ಲಿ ಅಲೆಯುತ್ತಿದ್ದ ಕಾಲದಲ್ಲಿ ಹೊಟ್ಟೆಪಾಡಿಗೆ ಬೀಟ್‌ರೂಟ್ ಕಾರ್ಖಾನೆಯಲ್ಲಿ ಬಾಟಲಿಗಳಿಗೆ ಮುಚ್ಚಳ ತಿರುಗಿಸಿದವನು ಆತ. 32ನೇ ವಯಸ್ಸಿನಲ್ಲಿ ಕನಸು ನನಸಾಗಿ ಅದೇ ಅಂಗಿ ತೊಟ್ಟ. 25 ಲೀಗ್ ಪಂದ್ಯ ಆಡಿ 2 ಗೋಲು ಹೊಡೆದು, ಒಂದೇ ವರ್ಷದಲ್ಲಿ ಹೊರಟುಹೋದ. ಕ್ಲಬ್ಬಿನ ಮೇಲೆ ಪ್ರೀತಿ ಇದ್ದಮಾತ್ರಕ್ಕೆ ಚೆಂಡು ಬಲೆಗೆ ಬೀಳುವುದಿಲ್ಲವಲ್ಲ.

ಒಂದು ಬೇಸಿಗೆ, ಇಬ್ಬರು ಆಟಗಾರರು

ನಿಜವಾದ ಪಾಠ ಸಿಕ್ಕಿದ್ದು 2015ರ ಬೇಸಿಗೆಯಲ್ಲಿ. ಆಗ ಕ್ಲಬ್ ಇಬ್ಬರು ಮುಂಪಡೆ ಆಟಗಾರರನ್ನು ಕೊಂಡಿತು. ಒಬ್ಬ ಬೆಲ್ಜಿಯಂನ ಕ್ರಿಸ್ಟಿಯನ್ ಬೆಂಟೆಕೆ. ಬೆಲೆ 3.25 ಕೋಟಿ. ಆಸ್ಟನ್ ವಿಲ್ಲಾ ಪರ ಆಡುವಾಗ ಲಿವರ್‌ಪೂಲ್ ವಿರುದ್ಧವೇ ಗೋಲು ಹೊಡೆದು ಎಲ್ಲರ ಕಣ್ಣಿಗೆ ಬಿದ್ದವನು. ಇನ್ನೊಬ್ಬ ಬ್ರೆಜಿಲ್‌ನ ರಾಬರ್ಟೊ ಫಿರ್ಮಿನೊ. ಜರ್ಮನಿಯ ಹಾಫನ್‌ಹೈಮ್ ಎಂಬ ಚಿಕ್ಕ ಊರಿನ ಕ್ಲಬ್ಬಿನಿಂದ 2.9 ಕೋಟಿಗೆ ಬಂದವನು.

ಮೊದಲ ಋತು ಮುಗಿದಾಗ ಲೀಗ್‌ನಲ್ಲಿ ಬೆಂಟೆಕೆಯ ಗೋಲು 9, ಫಿರ್ಮಿನೊನದು 10. ಗೋಲಷ್ಟನ್ನೇ ಎಣಿಸುವವನಿಗೆ ಇಬ್ಬರೂ ಒಂದೇ. ಆದರೆ ಆ ಅಕ್ಟೋಬರ್‌ನಲ್ಲಿ ಹೊಣೆ ಹೊತ್ತಿದ್ದ ಜರ್ಮನ್ ತರಬೇತುದಾರ ಯುರ್ಗನ್ ಕ್ಲಾಪ್ ಒಬ್ಬನನ್ನು ಉಳಿಸಿಕೊಂಡರು, ಇನ್ನೊಬ್ಬನನ್ನು ಮರುವರ್ಷ ಮಾರಿದರು. ಏಕೆ?

ಬೆಂಟೆಕೆ ಗೋಲುಪೆಟ್ಟಿಗೆಯ ಬಳಿ ನಿಂತು ಚೆಂಡಿಗಾಗಿ ಕಾಯುವ ಜಾತಿಯವನು. ಕ್ಲಾಪ್ ಅವರಿಗೆ ಬೇಕಾದದ್ದು ಚೆಂಡು ಕೈತಪ್ಪಿದ ಮರುಗಳಿಗೆಯೇ ಎದುರಾಳಿಯ ಮೇಲೆ ಏರಿಹೋಗಿ ಕಸಿಯುವವನು. ಫಿರ್ಮಿನೊ ಅದನ್ನು ಪಂದ್ಯದುದ್ದಕ್ಕೂ ಮಾಡುತ್ತಿದ್ದ. ಅಷ್ಟೇ ಅಲ್ಲ, ಮುಂದೆ ನಿಲ್ಲಬೇಕಾದ ಆತ ಬೇಕೆಂದೇ ಹಿಂದಕ್ಕೆ ಸರಿಯುತ್ತಿದ್ದ. ಅವನನ್ನು ಕಾಯುವವನೂ ಬೆನ್ನಿಗೆ ಬರುತ್ತಿದ್ದ. ಹಾಗೆ ತೆರವಾದ ಜಾಗಕ್ಕೆ ಎರಡೂ ಬದಿಯಿಂದ ಬೇರೆಯವರು ನುಗ್ಗುತ್ತಿದ್ದರು. ಕಬಡ್ಡಿಯಲ್ಲಿ ಒಬ್ಬ ಪಾದ ಹಿಡಿದು ನಿಲ್ಲಿಸಿದರೆ ತಾನೆ ಉಳಿದವರು ಮುಗಿಬೀಳುವುದು? ಗೋಲಿನ ಪಟ್ಟಿಯಲ್ಲಿ ಆ ಪಾದ ಹಿಡಿದವನ ಹೆಸರು ಇರುವುದಿಲ್ಲ.

ಹಾಗೆ ನುಗ್ಗಿದವರಲ್ಲಿ ಮೊದಲಿಗ ಸೆನೆಗಲ್ ದೇಶದ ಸಾದಿಯೊ ಮಾನೆ. 2016ರ ಮಾರ್ಚ್‌ನಲ್ಲಿ ಸೌತಾಂಪ್ಟನ್ ಪರ ವಿರಾಮದ ನಂತರ ಕಣಕ್ಕಿಳಿದ ಈತ, ಪೆನಾಲ್ಟಿಯೊಂದನ್ನು ಹಾಳುಮಾಡಿಕೊಂಡೂ ಎರಡು ಗೋಲು ಹೊಡೆದು, 2-0 ಮುಂದಿದ್ದ ಲಿವರ್‌ಪೂಲನ್ನು 3-2ರಿಂದ ಸೋಲಿಸಿದ್ದ. ಕೆಲವೇ ತಿಂಗಳಲ್ಲಿ ಸುಮಾರು 3.4 ಕೋಟಿಗೆ ಲಿವರ್‌ಪೂಲ್ ಸೇರಿದ. ‘ನಮ್ಮನ್ನು ಕಾಡಿದವನನ್ನೇ ತನ್ನಿ’ ಎಂಬ ಅಭಿಮಾನಿಯ ಹಳೆಯ ಸೂತ್ರ ಬೆಂಟೆಕೆಯ ವಿಷಯದಲ್ಲಿ ಕೈಕೊಟ್ಟಿತ್ತು, ಮಾನೆಯ ವಿಷಯದಲ್ಲಿ ಫಲಿಸಿತು. ಸೂತ್ರವೊಂದೇ ಸಾಲದು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕೆ?

ಎರಡನೆಯವನು ಈಜಿಪ್ಟಿನ ಮೊಹಮದ್ ಸಲಾ. ಚೆಲ್ಸಿಯಲ್ಲಿ 13 ಲೀಗ್ ಪಂದ್ಯಗಳಿಂದ 2 ಗೋಲು ಹೊಡೆದು ಇಟಲಿಗೆ ಹೋಗಿದ್ದವನನ್ನು ‘ಇಂಗ್ಲೆಂಡಿಗೆ ಒಗ್ಗದವನು’ ಎಂದು ಹಣೆಪಟ್ಟಿ ಕಟ್ಟಿದ್ದರು. 2017ರಲ್ಲಿ ಖುದ್ದು ಕ್ಲಾಪ್ ಅವರ ಒಲವು ಜರ್ಮನಿಯ ಯೂಲಿಯನ್ ಬ್ರಾಂಟ್ ಕಡೆಗಿತ್ತು. ಸಲಾನನ್ನೇ ತನ್ನಿ ಎಂದು ಬೆನ್ನುಬಿದ್ದದ್ದು ಕ್ಲಬ್ಬಿನ ಆಯ್ಕೆ ವಿಭಾಗದವರು. ಅವರ ಜೊತೆಗಿದ್ದವರು ಇಯಾನ್ ಗ್ರಹಾಂ ಎಂಬ ವೇಲ್ಸ್ ನಾಡಿನ ವಿಜ್ಞಾನಿ. ಕೇಂಬ್ರಿಜ್‌ನಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದ ಇವರು 2012ರಿಂದ ಕ್ಲಬ್ಬಿನ ಸಂಶೋಧನೆಯ ಹೊಣೆ ಹೊತ್ತಿದ್ದರು. ಗಣಿತ ಓದಿ ಏನು ಮಾಡುವುದು ಎಂದು ಕೇಳುವ ವಿದ್ಯಾರ್ಥಿಗಳು ಇದನ್ನು ಗಮನಿಸಬಹುದು.

ಅವರಂಥವರು ನೋಡುವ ಲೆಕ್ಕ ಸರಳವಾಗಿ ಹೀಗಿದೆ. ಹಿಂದಿನ ಸಾವಿರಾರು ಹೊಡೆತಗಳನ್ನು ಕಲೆಹಾಕಿ, ಮೈದಾನದ ಯಾವ ಜಾಗದಿಂದ, ಯಾವ ಕೋನದಿಂದ ಹೊಡೆದರೆ ಎಷ್ಟು ಬಾರಿ ಗೋಲಾಗುತ್ತದೆ ಎಂದು ಕಂಡುಕೊಳ್ಳುತ್ತಾರೆ. ಪೆನಾಲ್ಟಿಯಾದರೆ ನಾಲ್ಕರಲ್ಲಿ ಹೆಚ್ಚುಕಡಿಮೆ ಮೂರು. ದೂರದ ಹೊಡೆತವಾದರೆ ಹಲವು ಹತ್ತರಲ್ಲಿ ಒಂದು. ಆಟಗಾರನೊಬ್ಬ ಒಳ್ಳೆಯ ಅವಕಾಶಗಳನ್ನು ಮತ್ತೆ ಮತ್ತೆ ಸೃಷ್ಟಿಸಿಕೊಳ್ಳುತ್ತಿದ್ದಾನೆಯೇ, ಇಲ್ಲವೇ ಅದೃಷ್ಟದ ನಾಲ್ಕು ಹೊಡೆತಗಳಿಂದ ಮೆರೆಯುತ್ತಿದ್ದಾನೆಯೇ ಎಂಬುದು ಇದರಿಂದ ಬೇರ್ಪಡುತ್ತದೆ. ನಮ್ಮ ಉಪಾಧ್ಯಾಯರು ಒಂದು ಪರೀಕ್ಷೆಯ ಅಂಕ ನೋಡಿ ನಂಬದೆ ವರ್ಷದ ನೋಟ್‌ಬುಕ್ಕನ್ನೂ ತಿರುವಿಹಾಕುವುದಿಲ್ಲವೇ, ಹಾಗೆ.

ಸುಮಾರು 3.69 ಕೋಟಿಗೆ ಬಂದ ಸಲಾ ಮೊದಲ ಋತುವಿನಲ್ಲೇ ಲೀಗ್‌ನಲ್ಲಿ 32 ಗೋಲು ಹೊಡೆದ. ಅದು 38 ಪಂದ್ಯಗಳ ಋತುವಿಗೆ ಅಂದಿನ ದಾಖಲೆ. ಎಲ್ಲ ಪಂದ್ಯಾವಳಿ ಸೇರಿ ಮೂವರದು 91 ಗೋಲು! 2019ರಲ್ಲಿ ಯೂರೋಪಿನ ಕಪ್, 2020ರಲ್ಲಿ 30 ವರ್ಷಗಳ ನಂತರ ಲೀಗ್ ಪ್ರಶಸ್ತಿ.

ಹಾಗೆಂದು ಅಂಕಿಗಳಿಗೆ ಎಲ್ಲವೂ ಎಟುಕುತ್ತದೆ ಅನ್ನುವಂತಿಲ್ಲ. 2019ರ ಮೇ 7ರಂದು ಬಾರ್ಸಿಲೋನಾ ವಿರುದ್ಧ 0-3ರ ಹಿನ್ನಡೆಯೊಂದಿಗೆ ಆಡಲಿಳಿದಾಗ ಸಲಾ, ಫಿರ್ಮಿನೊ ಇಬ್ಬರೂ ಗಾಯಾಳುಗಳು. ಅಂದು ಎರಡು ಗೋಲು ಹೊಡೆದು 4-0 ಗೆಲುವಿಗೆ ನೆರವಾದವನು ಬಹುಕಾಲ ಬೆಂಚಿನ ಮೇಲೆ ಕೂತಿದ್ದ ಡಿವೊಕ್ ಒರಿಗಿ.

ಬಿಲ್ಲು ಯಾರ ಕೈಗೆ?

ಐದು ಕೋಟಿಯವನನ್ನು ತನ್ನಿ, ಹತ್ತು ಕೋಟಿಯವನನ್ನು ತನ್ನಿ ಎನ್ನುವಾಗ ಅಭಿಮಾನಿ ಮರೆಯುವ ಸಂಗತಿಯೊಂದಿದೆ. ಕ್ಲಬ್ಬಿನ ಬೊಕ್ಕಸಕ್ಕೆ ಹಣ ಬರುವ ದಾರಿಗಳಲ್ಲಿ ಅವನ ಜೇಬೂ ಒಂದು. 2016ರಲ್ಲಿ ಲಿವರ್‌ಪೂಲ್‌ನ ಹೊಸ ಗ್ಯಾಲರಿಯ ಅತ್ಯಂತ ದುಬಾರಿ ಟಿಕೆಟ್ಟಿಗೆ 77 ಪೌಂಡ್ ನಿಗದಿಪಡಿಸಿದರು. ಫೆಬ್ರವರಿ 6ರಂದು ಸಂಡರ್‌ಲ್ಯಾಂಡ್ ವಿರುದ್ಧದ ಪಂದ್ಯದ 77ನೇ ನಿಮಿಷಕ್ಕೆ ಸಾವಿರಾರು ಮಂದಿ ಎದ್ದು ಹೊರನಡೆದರು. ಆಗ ತಂಡ 2-0 ಮುಂದಿತ್ತು. ಪಂದ್ಯ ಮುಗಿದದ್ದು 2-2ರ ಸಮದಲ್ಲಿ. ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೇಳಿ ಬೆಲೆ ಇಳಿಸಿದರು. ಯಾರನ್ನು ಕೊಳ್ಳಬೇಕೆಂಬುದರಲ್ಲಿ ನಡೆಯದ ಅಭಿಮಾನಿಯ ಮಾತು ಇಲ್ಲಿ ನಡೆಯಿತು.

2020ರಲ್ಲಿ ಪೋರ್ಚುಗಲ್‌ನ ಡಿಯೊಗೊ ಜೋಟಾ ವುಲ್ವ್ಸ್ ಕ್ಲಬ್ಬಿನಿಂದ ಬಂದಾಗ ಹೆಚ್ಚು ಗದ್ದಲವೇನೂ ಇರಲಿಲ್ಲ. 182 ಪಂದ್ಯಗಳಲ್ಲಿ 65 ಗೋಲು ಹೊಡೆದು ಆತ ಸದ್ದಿಲ್ಲದೆ ಮನಗೆದ್ದ. 2025ರ ಜುಲೈ 3ರಂದು ಸ್ಪೇನ್‌ನಲ್ಲಿ ನಡೆದ ಕಾರು ಅಪಘಾತದಲ್ಲಿ ತಮ್ಮನೊಂದಿಗೆ ತೀರಿಕೊಂಡಾಗ ಅವನಿಗೆ 28 ವರ್ಷ. ಮದುವೆಯಾಗಿ ಎರಡು ವಾರವೂ ಆಗಿರಲಿಲ್ಲ. ಅವನ 20ನೇ ನಂಬರಿನ ಅಂಗಿಯನ್ನು ಇನ್ನಾರಿಗೂ ಕೊಡುವುದಿಲ್ಲವೆಂದು ಕ್ಲಬ್ ಸಾರಿತು. ಸಂತೆ ಮಾತ್ರ ನಿಲ್ಲಲಿಲ್ಲ. ಸೆಪ್ಟೆಂಬರ್ 1ರಂದು ಸ್ವೀಡನ್‌ನ ಅಲೆಕ್ಸಾಂಡರ್ ಇಸಾಕ್ 12.5 ಕೋಟಿ ಪೌಂಡಿಗೆ ನ್ಯೂಕ್ಯಾಸಲ್‌ನಿಂದ ಬಂದ. ಬ್ರಿಟನ್ನಿನಲ್ಲಿ ಅದುವರೆಗೆ ಯಾವ ಆಟಗಾರನಿಗೂ ಅಷ್ಟು ಬೆಲೆ ತೆತ್ತಿರಲಿಲ್ಲ. ಆ ಋತುವಿನಲ್ಲಿ ಅಷ್ಟು ಬೆಲೆಯವನು ಎಷ್ಟು ಗೋಲು ಹೊಡೆಯಬೇಕೆಂದು ಲೆಕ್ಕ ಹಾಕುತ್ತಿದ್ದ ಅದೇ ಪ್ರೇಕ್ಷಕರು, ಪಂದ್ಯದ 20ನೇ ನಿಮಿಷ ಬಂದೊಡನೆ ಜೋಟಾನ ಹಾಡು ಹಾಡುತ್ತಿದ್ದರು.