ಆತಕೂರಿನ ಕಲ್ಲು ಹೇಳುವ ವರ್ಷ

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಪ್ರಸಿದ್ಧ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಂದಿಯೊಡನೆ ಹೋರಾಡಿ ಮಡಿದ ‘ಕಾಳಿ’ಯೆಂಬ ಬೇಟೆನಾಯಿಯ ನೆನಪಿಗೆ ನಿಲ್ಲಿಸಿದ ಈ ಕಲ್ಲು ತಕ್ಕೋಲದ ಯುದ್ಧವನ್ನೂ ತಿಳಿಸುತ್ತದೆ. ಅದರ ಕಾಲವನ್ನು ನಾವು ಅರಿಯುವುದೆಂತು?

ಶಾಸನವು ವರ್ಷವನ್ನು ಎರಡು ಬಗೆಯಾಗಿ ಹೆಸರಿಸಿದೆ: ಶಕವರ್ಷ 872, ಸೌಮ್ಯ ಸಂವತ್ಸರ. ಸಂವತ್ಸರಗಳು ಅರುವತ್ತೇ ಆದುದರಿಂದ ಬರಿಯ ‘ಸೌಮ್ಯ’ವೆಂದರೆ ಕ್ರಿ.ಶ. 949 ಆಗಬಹುದು, 1009 ಆಗಬಹುದು. ಶಕಸಂಖ್ಯೆ ಈ ಸಂದೇಹವನ್ನು ಕಳೆಯುತ್ತದೆ. ಆದರೆ ವಾಡಿಕೆಯಂತೆ ಅದಕ್ಕೆ 78 ಕೂಡಿಸಿದರೆ 950 ಬರುತ್ತದೆ. ಆ ವರ್ಷದ ಚೈತ್ರದಿಂದ ನಡೆದುದು ಸಾಧಾರಣ ಸಂವತ್ಸರ! ಆದುದರಿಂದ 872 ಎಂಬುದು ಕಳೆದ ವರ್ಷಗಳ ಎಣಿಕೆಯಲ್ಲ, ಆಗ ನಡೆಯುತ್ತಿದ್ದ ವರ್ಷದ ಎಣಿಕೆ, ಅದು ಕ್ರಿ.ಶ. 949–50. ಸಂಖ್ಯೆಯ ಸಂದೇಹವನ್ನು ಹೆಸರೂ, ಹೆಸರಿನ ಸಂದೇಹವನ್ನು ಸಂಖ್ಯೆಯೂ ಹೀಗೆ ಪರಿಹರಿಸುತ್ತವೆ.