ಕೌಂಟರಿನ ಮುಂದೆ ನಿಂತ ಸೋಫಿಯಾ

ರೋಮ್‌ನ ಸಪಿಯೆಂಜಾ ವಿಶ್ವವಿದ್ಯಾಲಯದ ಕಚೇರಿ, 1958. ಕಾನೂನು ವಿದ್ಯಾರ್ಥಿನಿ ಸೋಫಿಯಾ ಕೊರಾದಿ ಆಗಷ್ಟೇ ಅಮೆರಿಕದಿಂದ ಮರಳಿದ್ದರು. ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಓದಿ ಪದವಿಯನ್ನೂ ಪಡೆದಿದ್ದರು. ಅದನ್ನು ಇಲ್ಲಿನ ಓದಿನ ಲೆಕ್ಕಕ್ಕೆ ಸೇರಿಸಿಕೊಳ್ಳಿ ಎಂದು ಕಾಗದ ಮುಂದಿಟ್ಟಾಗ ಕಚೇರಿಯವರು ಒಪ್ಪಲಿಲ್ಲ. ಸುತ್ತ ನಿಂತವರೆಲ್ಲ ನೋಡುತ್ತಿರುವಾಗಲೇ ಗದರಿಯೂ ಬಿಟ್ಟರು.

ನಮ್ಮಲ್ಲಾದರೆ ಅಪ್ಪನೋ ಸೋದರಮಾವನೋ ರಿಜಿಸ್ಟ್ರಾರರನ್ನು ಕಂಡು ಬರುತ್ತಿದ್ದರು, ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಕೊರಾದಿ ಮಾತ್ರ ಆ ಅವಮಾನವನ್ನು ಮರೆಯಲಿಲ್ಲ. 1969ರಲ್ಲಿ, ಇಟಲಿಯ ಕುಲಪತಿಗಳ ಮಂಡಳಿಗೆ ಸಲಹೆಗಾರರಾಗಿದ್ದಾಗ, ಹೊರದೇಶದಲ್ಲಿ ಓದಿದ ಪಾಠಗಳನ್ನು ತಾಯ್ನಾಡಿನ ವಿಶ್ವವಿದ್ಯಾಲಯ ಒಪ್ಪಿಕೊಳ್ಳಬೇಕೆಂಬ ಟಿಪ್ಪಣಿ ಬರೆದರು. ಆಮೇಲೆ ವರ್ಷಗಟ್ಟಲೆ ಸಿಕ್ಕಸಿಕ್ಕವರ ಬೆನ್ನು ಹತ್ತಿದರು. 1987ರಲ್ಲಿ ಯುರೋಪಿನ 11 ದೇಶಗಳ ನಡುವೆ ವಿದ್ಯಾರ್ಥಿ ವಿನಿಮಯದ 'ಎರಾಸ್ಮಸ್' ಯೋಜನೆ ಶುರುವಾಯಿತು. ಮೊದಲ ವರ್ಷ ಹೊರಟವರು 3,244 ವಿದ್ಯಾರ್ಥಿಗಳು. ಇಂದು ಫಲಾನುಭವಿಗಳ ಎಣಿಕೆ ಒಂದೂವರೆ ಕೋಟಿ ದಾಟಿದೆ. ಕೊರಾದಿ ಅವರನ್ನು ಜನ 'ಮಮ್ಮಾ ಎರಾಸ್ಮಸ್' ಎಂದೇ ಕರೆದರು.

ವಿನಿಮಯ ಕಾರ್ಯಕ್ರಮ ಎಂದೊಡನೆ ನಮ್ಮ ಕಾಲೇಜುಗಳಲ್ಲಿ ಮೊದಲು ಏಳುವುದು ಬ್ಯಾನರ್. ಒಡಂಬಡಿಕೆಗೆ ಸಹಿ ಹಾಕುವ ಫೋಟೋ, ಶಾಲು, ಹಾರ, ಮರುದಿನದ ಪತ್ರಿಕೆಯಲ್ಲಿ ಎರಡು ಕಾಲಂ ಸುದ್ದಿ. ಆದರೆ ಎರಾಸ್ಮಸ್ ಗೆದ್ದದ್ದು ಸಹಿಯಿಂದಲ್ಲ, ಗುಮಾಸ್ತರ ಮೇಜಿನ ಮೇಲೆ. ಹುಡುಗ ವಿಮಾನ ಹತ್ತುವ ಮೊದಲೇ ಯಾವ ಪಾಠಕ್ಕೆ ಇಲ್ಲಿನ ಯಾವ ಪಾಠ ಸಮ ಎಂಬ 'ಕಲಿಕಾ ಒಪ್ಪಂದ' ತಯಾರಾಗುತ್ತದೆ. ಅದಕ್ಕೆ ವಿದ್ಯಾರ್ಥಿ, ಕಳಿಸುವ ವಿಶ್ವವಿದ್ಯಾಲಯ, ಬರಮಾಡಿಕೊಳ್ಳುವ ವಿಶ್ವವಿದ್ಯಾಲಯ, ಮೂವರ ರುಜುವೂ ಬೀಳಬೇಕು. ಅಳತೆಗೋಲೂ ಒಂದೇ: ವರ್ಷವಿಡೀ ಓದಿದರೆ 60 ಕ್ರೆಡಿಟ್, ಒಂದು ಸೆಮಿಸ್ಟರಿಗೆ 30. ಲಿಸ್ಬನ್ನಿನಲ್ಲಿ ಗಳಿಸಿದ್ದು ಕ್ರಾಕೋದಲ್ಲೂ ಚಲಾವಣೆಯಾಗುತ್ತದೆ. ಶುಲ್ಕವನ್ನು ತನ್ನ ವಿಶ್ವವಿದ್ಯಾಲಯಕ್ಕೇ ಕಟ್ಟಿದರಾಯಿತು. ಹೋದ ಕಡೆ ಬೋಧನಾ ಶುಲ್ಕವಿಲ್ಲ. ಊಟ, ಬಾಡಿಗೆಗೆ ಒಂದಷ್ಟು ಹಣವೂ ಸಿಗುತ್ತದೆ. ಎಲ್ಲ ಊರಿನ ಬಾಡಿಗೆಗೂ ಅದು ಸಾಲುವುದಿಲ್ಲ, ಮನೆಯಿಂದ ಒಂದಿಷ್ಟು ತರಿಸಿಕೊಳ್ಳಬೇಕಾದೀತು ಎನ್ನುವುದನ್ನೂ ಹೇಳಿಬಿಡಬೇಕು.

ಪ್ರಚಾರಕ್ಕೆ ಎರಾಸ್ಮಸ್ ನಡೆಸುವವರು ಬಹಳ ಬೆವರು ಸುರಿಸಬೇಕಾಗಲಿಲ್ಲ. ಬಾರ್ಸಿಲೋನಾದಲ್ಲಿ ಒಂದೇ ಮನೆಯಲ್ಲಿ ಬೇರೆ ಬೇರೆ ದೇಶಗಳ ಹುಡುಗ ಹುಡುಗಿಯರು ಜಗಳಾಡುತ್ತ ಬದುಕುವ ಕಥೆಯನ್ನು ಫ್ರಾನ್ಸಿನ ಸೆಡ್ರಿಕ್ ಕ್ಲಾಪಿಷ್ 2002ರಲ್ಲಿ ಸಿನಿಮಾ ಮಾಡಿದರು. ಯಾವ ಕರಪತ್ರವೂ ಅಷ್ಟು ಕೆಲಸ ಮಾಡಿರಲಾರದು. ಇನ್ನೊಂದು ತಮಾಷೆಯ ಲೆಕ್ಕವಿದೆ: ಎರಾಸ್ಮಸ್ಸಿನಲ್ಲಿ ಭೇಟಿಯಾಗಿ ಜೋಡಿಯಾದವರಿಗೆ ಹುಟ್ಟಿದ ಮಕ್ಕಳು ಹತ್ತು ಲಕ್ಷ ಇರಬಹುದೆಂದು 2014ರಲ್ಲಿ ಯುರೋಪಿಯನ್ ಆಯೋಗವೇ ಅಂದಾಜು ಮಾಡಿತು. ನಮ್ಮ ಪೋಷಕರಿಗೆ ಈ ಅಂಕಿಯನ್ನು ತೋರಿಸದಿರುವುದೇ ಕ್ಷೇಮ.

ಕೊರಾದಿಯನ್ನು ಕಡಲು ದಾಟಿಸಿದ ಫುಲ್‌ಬ್ರೈಟ್ ಕನ್ನಡಕ್ಕೂ ಏನೂ ಕೊಡದೆ ಹೋಗಿಲ್ಲ. 1959ರಲ್ಲಿ ಎ.ಕೆ. ರಾಮಾನುಜನ್ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಅದರ ಮೇಲೆಯೇ. ಎರಾಸ್ಮಸ್ ಹುಟ್ಟಿದ 1987ರಲ್ಲೇ ಗಿರೀಶ ಕಾರ್ನಾಡರು ಅದೇ ಫುಲ್‌ಬ್ರೈಟ್ ಹಿಡಿದು ಷಿಕಾಗೋ ಸೇರಿದರು. ರಾಮಾನುಜನ್ ಹೇಳಿದ ಕನ್ನಡದ ಜನಪದ ಕಥೆ ಅಲ್ಲಿ 'ನಾಗಮಂಡಲ' ನಾಟಕವಾಯಿತು. ಯು.ಆರ್. ಅನಂತಮೂರ್ತಿಯವರ ದಾರಿ ಬೇರೆ. ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಲ್ಲಿ ಬರ್ಮಿಂಗ್‌ಹ್ಯಾಮಿಗೆ ಹೋದ ಅವರು ಅಗ್ರಹಾರದ ಕಥೆಯಾದ 'ಸಂಸ್ಕಾರ'ವನ್ನು ಆ ಚಳಿಯಲ್ಲಿ ಕೂತು ಬರೆದರು. ಹೊರಗೆ ಹೋದವನಿಗೆ ಮೊದಲು ಕಾಣುವುದು ಬಿಟ್ಟುಬಂದ ಊರೇ ಇರಬೇಕು.

ಇವೆಲ್ಲ ಪ್ರತಿಭಾವಂತರ ಮಾತಾಯಿತು. ಎರಾಸ್ಮಸ್ಸಿನ ದೊಡ್ಡತನವೆಂದರೆ ಅದು ಸಾಧಾರಣ ಅಂಕ ತೆಗೆಯುವ ಹುಡುಗನನ್ನೂ ರೈಲು ಹತ್ತಿಸಿತು. ನಮ್ಮ ಪದವಿ ಕಾಲೇಜಿನ ಹುಡುಗಿಯೊಬ್ಬಳು ಒಂದು ಸೆಮಿಸ್ಟರ್ ಹೊರಗೆ ಹೋಗಿಬಂದರೆ ಹಾಜರಾತಿ ಯಾರು ಹಾಕುತ್ತಾರೆ? ಇಂಟರ್ನಲ್ಸ್ ಏನಾಗುತ್ತದೆ? ಮಾರ್ಕ್ಸ್ ಕಾರ್ಡಿನಲ್ಲಿ ಖಾಲಿ ಉಳಿದ ಜಾಗವನ್ನು ನೋಡಿ ಮುಂದೆ ಕೆಲಸ ಕೊಡುವವರು ಬ್ಯಾಕ್‌ಲಾಗ್ ಎಂದುಕೊಂಡರೆ? ನಿಯಮ ಇಲ್ಲದಿಲ್ಲ. ಗಳಿಸಿದ ಕ್ರೆಡಿಟ್ ಕೂಡಿಡುವ ಅಕಾಡೆಮಿಕ್ ಬ್ಯಾಂಕ್ 2021ರಿಂದ ಇದೆ. ವಿದೇಶಿ ವಿಶ್ವವಿದ್ಯಾಲಯದ ಜತೆ ಸೇರಿ ನಡೆಸುವ ಟ್ವಿನ್ನಿಂಗ್ ಕೋರ್ಸಿನಲ್ಲಿ 30%ರೊಳಗಿನ ಕ್ರೆಡಿಟ್ ಅಲ್ಲಿ ಗಳಿಸಬಹುದೆಂದು ಯುಜಿಸಿ 2022ರಲ್ಲಿ ಹೇಳಿದೆ. ಯುರೋಪಿನ ಹಣದಲ್ಲಿ ಭಾರತದ ವಿದ್ಯಾರ್ಥಿಗಳೂ ಅಲ್ಪಾವಧಿಗೆ ಹೋಗಿಬರುವ ದಾರಿಯೂ ತೆರೆದಿದೆ.

ಹಾಗಾಗಿ ಮುಂದಿನ ಸಲ ವಿಭಾಗದ ಮುಂದೆ ವಿದೇಶಿ ವ್ಯಾಸಂಗದ ಭಿತ್ತಿಪತ್ರ ಅಂಟಿಸುವವರು ಅದರ ಪಕ್ಕಕ್ಕೆ ಇನ್ನೊಂದು ಹಾಳೆ ಅಂಟಿಸಲಿ. ಅಲ್ಲಿ ಓದುವ ಯಾವ್ಯಾವ ಪಾಠ ಇಲ್ಲಿ ಯಾವ್ಯಾವುದಕ್ಕೆ ಸಮ, ಎಷ್ಟು ಕ್ರೆಡಿಟ್, ತಕರಾರು ಬಂದರೆ ಯಾವ ಕೋಣೆಗೆ ಹೋಗಿ ಯಾರನ್ನು ಕೇಳಬೇಕು. ಕೆಳಗೆ ಪರೀಕ್ಷಾ ವಿಭಾಗದ ಮೊಹರು ಇರಲಿ.