ಕಪ್ಪು ಎಲೆಯ ರುಚಿ
ನಮ್ಮ ಹುಣಸೂರಿನ ಹರಾಜಿನಲ್ಲಿ ಹಳದಿ ಹೊಗೆಸೊಪ್ಪಿಗೆ ಒಳ್ಳೆಯ ಬೆಲೆ. ಕಪ್ಪಾದರೆ ತಳದ ದರ. ಮುಂಬೈಯಲ್ಲಿ ಗೆಳೆಯ ಕೊಟ್ಟ ನಿಕರಾಗುವಾದ ಪಾದ್ರೋನ್ 1964 ಮಡೂರೊ ಸಿಗಾರ್‌ಗೆ ಆ ಕಪ್ಪೇ ಹೆಗ್ಗಳಿಕೆ. ಸ್ಪ್ಯಾನಿಷ್‌ನಲ್ಲಿ ಮಡೂರೊ ಎಂದರೆ ಮಾಗಿದ್ದು. ನಮ್ಮ ಬ್ಯಾರನ್‌ನಲ್ಲಿ ಸೊಪ್ಪು ಬೆಂಕಿಯ ಶಾಖಕ್ಕೆ ಸುಮಾರು ವಾರದಲ್ಲಿ ಹದವಾಗುತ್ತದೆ. ಇದು ಗಾಳಿಗೆ ಒಣಗಿ, ರಾಶಿಯಲ್ಲಿ ತನ್ನದೇ ಬಿಸಿಗೆ ಹುದುಗಿ, 4 ವರ್ಷ ಮಾಗಿದ ಎಲೆ.

ಹೊಗೆ ನುಂಗದೆ ಬಾಯಲ್ಲೇ ಆಡಿಸಿದೆ. ಅದರಿಂದ ಅಪಾಯವೇನೂ ತಪ್ಪದು. ಮೊದಲು ಕೋಕೋ, ಆಮೇಲೆ ಡಿಕಾಕ್ಷನ್, ಕೊನೆಗೆ ಮೆಣಸಿನ ಚುರುಕು. ಉರಿ ಸಮ, ಬೂದಿ ಗಟ್ಟಿ. ತುದಿಗೆ ಬರುವಾಗ ಬಿಸಿಯೇರಿ ಸಿಹಿ ಮಾಯ. ಹತ್ತಕ್ಕೆ ಎಂಟು ಅಂಕ.

ಎಲೆ ಮಾಗಿಸುವ ಬಗೆಯನ್ನು ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ‘ನಾಲ್ಕು ವರ್ಷ ಕಾಯಕ್ಕೆ ಸಾಲ ಕೊಟ್ಟೋರು ಬಿಟ್ಟಾರಾ ಮಗ?’ ಅಂದರು.